ಹೃದಯದ ವಿದ್ಯುತ್ತಿಗೆ ಆತುರವಿಲ್ಲ

ಎಡಗೈ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕಡೆಗೆ, ಬಲಗೈಯ ಮೂರು ಬೆರಳಿಟ್ಟು ನಾಡಿ ಹಿಡಿಯಿರಿ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದರ ಸ್ವಂತ ಮಿಡಿತವೇ ಅಡ್ಡ ಬಂದು ಲೆಕ್ಕ ತಪ್ಪುತ್ತದೆ. ಸಿಕ್ಕಿತೇ? ಒಂದು ಬಡಿತ ನಿಮ್ಮ ಬೆರಳಿಗೆ ತಾಗುವಷ್ಟರಲ್ಲಿ, ಅದನ್ನು ಹುಟ್ಟಿಸಿದ ವಿದ್ಯುತ್ ಸಂಕೇತ ಹೃದಯವನ್ನೆಲ್ಲ ಹಾದು ಮುಗಿದಿರುತ್ತದೆ. ನಿಮಿಷಕ್ಕೆ 70 ಅಂದರೆ ದಿನಕ್ಕೆ 1,00,800 ಸಲ ಇದೇ ಕೆಲಸ. ಆ ಸಂಕೇತ ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲಿ ಬೇಕೆಂದೇ ತಡ ಮಾಡುತ್ತದೆ ಎಂಬುದನ್ನು ಇವತ್ತು ನೋಡೋಣ. ಆ ತಡದ ಮೇಲೆಯೇ ಹೆಚ್ಚು ಹೊತ್ತು ಕೂರುತ್ತೇವೆ. ಹೃದಯದ ಬಡಿತ ಕೆಡುವ ಹಲವು ಕಾಯಿಲೆಗಳಲ್ಲಿ ಕೆಟ್ಟಿರುವುದು ಆ ತಡದ ಲೆಕ್ಕಾಚಾರ.

ಮೊದಲು ಒಂದು ಚಿತ್ರವನ್ನು ತಲೆಯಿಂದ ತೆಗೆದುಬಿಡಿ. ‘ಹೃದಯದಲ್ಲಿ ಕರೆಂಟು ಹರಿಯುತ್ತದೆ’ ಅಂದಾಗ ಕಣ್ಣೆದುರು ತಾಮ್ರದ ತಂತಿ ಬರುತ್ತದೆ. ಹೃದಯದಲ್ಲಿ ಅಂಥ ತಂತಿ ಇಲ್ಲ. ಅಲ್ಲಿರುವುದು ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳು, ಅಂದರೆ ನೀರಿನಲ್ಲಿ ಕರಗಿದ ಉಪ್ಪಿನ ಕಣಗಳು. ಇವು ಜೀವಕೋಶದ ಪೊರೆಯನ್ನು ಅಡ್ಡ ದಾಟುತ್ತವೆ, ಅಷ್ಟೇ. ಒಂದು ಕೋಶದಲ್ಲಿ ಹಾಗಾದಾಗ ಪಕ್ಕದ ಕೋಶವೂ ಕೆರಳುತ್ತದೆ, ಅದರಿಂದ ಅದರ ಪಕ್ಕದ್ದು. ಒಣಹುಲ್ಲಿನ ಬಯಲಿಗೆ ಬಿದ್ದ ಬೆಂಕಿ ಹಬ್ಬುವ ಹಾಗೆ. ಈ ಬೆಂಕಿಯ ಹೋಲಿಕೆ ನೆನಪಿರಲಿ, ಕೊನೆಯವರೆಗೂ ಬೇಕಾಗುತ್ತದೆ. ಸುಟ್ಟ ಹುಲ್ಲಿಗೆ ತಕ್ಷಣ ಮತ್ತೆ ಬೆಂಕಿ ಹತ್ತುವುದಿಲ್ಲ, ಚಿಗುರಿ ಒಣಗುವವರೆಗೆ ಕಾಯಬೇಕು.

ಹೃತ್ಕುಕ್ಷಿಯ, ಅಂದರೆ ಕೆಳಗಿನ ಕೋಣೆಯ, ಒಂದು ಸ್ನಾಯುಕೋಶವನ್ನು ತೆಗೆದುಕೊಳ್ಳಿ. ಸುಮ್ಮನಿರುವಾಗ ಅದರ ಒಳಗು ಹೊರಗಿಗಿಂತ ಸುಮಾರು 90 ಮಿಲಿವೋಲ್ಟ್ ಋಣದಲ್ಲಿರುತ್ತದೆ. ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಪೊರೆಯಲ್ಲಿರುವ ಪಂಪು ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತಂದು ಈ ವ್ಯತ್ಯಾಸವನ್ನು ಕಾಯುತ್ತದೆ. ಪಕ್ಕದ ಕೋಶ ಕೆರಳಿದಾಗ ಸೋಡಿಯಂ ಬಾಗಿಲುಗಳು ತೆರೆದು, ಒಂದೆರಡು ಮಿಲಿಸೆಕೆಂಡಿನಲ್ಲೇ ಒಳಗು ಧನಕ್ಕೆ ತಿರುಗುತ್ತದೆ. ಇಷ್ಟು ನರದಲ್ಲೂ ಆಗುತ್ತದೆ, ಕೈಯ ಸ್ನಾಯುವಿನಲ್ಲೂ ಆಗುತ್ತದೆ. ಆದರೆ ಅಲ್ಲಿ ಕೆಲವೇ ಮಿಲಿಸೆಕೆಂಡಿನಲ್ಲಿ ಎಲ್ಲ ಮುಗಿದು ಕೋಶ ಮತ್ತೆ ಸಿದ್ಧವಾಗುತ್ತದೆ. ಹೃದಯದ ಕೋಶ ಹಾಗಲ್ಲ. ಅಲ್ಲಿ ಕ್ಯಾಲ್ಸಿಯಂ ನಿಧಾನವಾಗಿ ಒಳಬರುತ್ತದೆ, ಪೊಟ್ಯಾಸಿಯಂ ನಿಧಾನವಾಗಿ ಹೊರಹೋಗುತ್ತದೆ, ಎರಡೂ ತೂಗಿಕೊಂಡು ವೋಲ್ಟೇಜು ಮೇಲೆಯೇ ನಿಂತುಬಿಡುತ್ತದೆ. ಒಟ್ಟು 200ರಿಂದ 300 ಮಿಲಿಸೆಕೆಂಡು. ಅಷ್ಟು ಹೊತ್ತು ಸೋಡಿಯಂ ಬಾಗಿಲುಗಳಿಗೆ ಬೀಗ. ಹೊಸ ಸಂಕೇತ ಬಂದು ಬಡಿದರೂ ಕೋಶಕ್ಕೆ ಕೇಳಿಸದು. ವೈದ್ಯರು ಇದನ್ನು ರಿಫ್ರ್ಯಾಕ್ಟರಿ ಅವಧಿ ಅನ್ನುತ್ತಾರೆ, ನಾವು ಕಿವುಡು ಅವಧಿ ಅನ್ನೋಣ.

ಈ ಕಿವುಡು ಯಾಕೆ ಬೇಕು? ಮುಷ್ಟಿ ಬಿಗಿ ಹಿಡಿದು ನೋಡಿ, ಬೇಕಾದಷ್ಟು ಹೊತ್ತು ಹಿಡಿಯಬಹುದು. ಕೈಯ ಸ್ನಾಯುವಿಗೆ ಸಂಕೇತದ ಮೇಲೆ ಸಂಕೇತ ಕಳಿಸಿದರೆ ಬಿಗಿತದ ಮೇಲೆ ಬಿಗಿತ ಸೇರಿ ಸಡಿಲವೇ ಆಗದೆ ಉಳಿಯುತ್ತದೆ. ಹೃದಯ ಹಾಗೆ ಬಿಗಿಹಿಡಿದರೆ ರಕ್ತ ತುಂಬಿಕೊಳ್ಳಲು ಜಾಗವಿಲ್ಲ, ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಹೃದಯದ ಕಿವುಡು ಅವಧಿ ಹೆಚ್ಚುಕಡಿಮೆ ಅದು ಕುಗ್ಗಿ ಹಿಗ್ಗುವಷ್ಟೇ ಉದ್ದವಿರುವುದರಿಂದ ಹೃದಯಕ್ಕೆ ಆ ಥರದ ಸೆಡೆತ ಬರುವುದೇ ಸಾಧ್ಯವಿಲ್ಲ.

ಇನ್ನು ವಿದ್ಯುತ್ತು ಸ್ನಾಯುವನ್ನು ಕುಗ್ಗಿಸುವುದು ಹೇಗೆ? ಆಗ ಒಳಬಂತಲ್ಲ ಕ್ಯಾಲ್ಸಿಯಂ, ಅದು ಬಹಳ ಕಡಿಮೆ, ಕುಗ್ಗಿಸಲು ಸಾಲದು. ಆದರೆ ಕೋಶದ ಒಳಗೇ ಒಂದು ಕ್ಯಾಲ್ಸಿಯಂ ಉಗ್ರಾಣವಿದೆ. ಹೊರಗಿಂದ ಬಂದ ಚೂರು ಆ ಉಗ್ರಾಣದ ಬಾಗಿಲು ತೆರೆಸುತ್ತದೆ, ಒಳಗಿನ ದಾಸ್ತಾನು ಹೊರಚೆಲ್ಲುತ್ತದೆ, ಅದು ಸ್ನಾಯುವಿನ ಎಳೆಗಳ ಮೇಲಿನ ಪ್ರೋಟೀನಾದ ಟ್ರೋಪೋನಿನ್‌ಗೆ ಅಂಟಿದಾಗ ಎಳೆಗಳು ಒಂದರ ಮೇಲೊಂದು ಜಾರಿ ಕೋಶ ಕುಗ್ಗುತ್ತದೆ. ಮತ್ತೆ ಸಡಿಲವಾಗಬೇಕಾದರೆ ಕ್ಯಾಲ್ಸಿಯಮ್ಮನ್ನು ಪಂಪು ಮಾಡಿ ಉಗ್ರಾಣಕ್ಕೆ ವಾಪಸು ತುಂಬಬೇಕು, ಅದಕ್ಕೂ ಶಕ್ತಿ ಖರ್ಚು. ಸಡಿಲವಾಗುವುದಕ್ಕೂ ದುಡಿಯಬೇಕಾದ ಯಂತ್ರ ಇದು. ಕ್ಯಾಲ್ಸಿಯಂ ಬೇಕೇ ಬೇಕು ಎಂದು ಗೊತ್ತಾದದ್ದೂ ಒಂದು ಎಡವಟ್ಟಿನಿಂದ. 1880ರ ದಶಕದ ಆರಂಭದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಪ್ರಯೋಗ ಮಾಡುತ್ತಿದ್ದ. ದ್ರಾವಣಕ್ಕೆ ಬಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರು ಬಳಕೆಯಾಗಿತ್ತು, ಹೃದಯ ಬಹಳ ಹೊತ್ತು ಬಡಿಯುತ್ತಿತ್ತು. ಶುದ್ಧ ನೀರಿನಲ್ಲಿ ಮಾಡಿದಾಗ ಬೇಗ ಸೋತಿತು. ನಲ್ಲಿ ನೀರಿನಲ್ಲಿದ್ದ ಸುಣ್ಣದ ಅಂಶವೇ, ಅಂದರೆ ಕ್ಯಾಲ್ಸಿಯಮ್ಮೇ, ವ್ಯತ್ಯಾಸ.

ಕಿಡಿ ಹಚ್ಚುವವರು ಯಾರು? ಬಲ ಹೃತ್ಕರ್ಣದ, ಅಂದರೆ ಮೇಲಿನ ಕೋಣೆಯ, ಮೇಲ್ತುದಿಯಲ್ಲಿ, ದೇಹದ ಮೇಲ್ಭಾಗದ ರಕ್ತ ತರುವ ಮಹಾ ಅಭಿಧಮನಿ ಬಂದು ಸೇರುವಲ್ಲಿ, ಒಂದೆರಡು ಸೆಂಟಿಮೀಟರ್ ಉದ್ದದ, ಕೆಲವೇ ಮಿಲಿಮೀಟರ್ ಅಗಲದ ಒಂದು ಗಂಟಿದೆ. ಅದೇ ಎಸ್‌ಎ ನೋಡ್. ಅಲ್ಲಿನ ಕೋಶಗಳಿಗೆ ಸುಮ್ಮನಿರಲು ಬಾರದು. ಋಣ 60 ಮಿಲಿವೋಲ್ಟಿನ ಆಸುಪಾಸಿಗೆ ಇಳಿದದ್ದೇ ತಡ, ತಮ್ಮಷ್ಟಕ್ಕೆ ತಾವೇ ಮೇಲೇರತೊಡಗುತ್ತವೆ. ಋಣ 40ರ ಹತ್ತಿರ ಬಂದಾಗ ಕ್ಯಾಲ್ಸಿಯಂ ಬಾಗಿಲು ತೆರೆದು ಕಿಡಿ ಹೊತ್ತುತ್ತದೆ. ಏರಿಸುವ ಪ್ರವಾಹಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ‘ಫನ್ನಿ ಕರೆಂಟ್’. ತಮಾಷೆಯಲ್ಲ, ಅಧಿಕೃತ ಹೆಸರೇ ಅದು. 1979ರಲ್ಲಿ ಇದರ ವಿವರ ಬಂದಾಗ ಎಲ್ಲರಿಗೂ ವಿಚಿತ್ರವೆನಿಸಿದ್ದು, ಬೇರೆ ಬಾಗಿಲುಗಳು ವೋಲ್ಟೇಜು ಏರಿದಾಗ ತೆರೆದರೆ ಇದು ಇಳಿದಾಗ ತೆರೆಯುತ್ತದೆ ಎಂಬುದು. ಈ ಬಾಗಿಲನ್ನು ಮಾತ್ರ ಅರೆಮುಚ್ಚಿ ಬಡಿತ ಇಳಿಸುವ ಮಾತ್ರೆ ಈಗ ಇದೆ, ಇವಾಬ್ರಡೀನ್ ಅಂತ.

ಎಸ್‌ಎ ನೋಡ್‌ಗೆ ಮೆದುಳಿನ ಅಪ್ಪಣೆ ಬೇಕಿಲ್ಲ. ಕಸಿ ಮಾಡಿದ ಹೃದಯವೇ ಸಾಕ್ಷಿ: ಅದರ ನರಗಳನ್ನೆಲ್ಲ ಕತ್ತರಿಸಿರುತ್ತದೆ, ಆದರೂ ಬಡಿಯುತ್ತದೆ, ಅದೂ ವಿಶ್ರಾಂತಿಯಲ್ಲೇ ನಿಮಿಷಕ್ಕೆ 90ರಿಂದ 110. ನಮ್ಮದು 70 ಇರುವುದು ಹೇಗೆ ಹಾಗಾದರೆ? ಮೆದುಳಿನಿಂದ ಬರುವ ವೇಗಸ್ ನರ ಇಡೀ ಹೊತ್ತು ಮೆಲ್ಲಗೆ ಬ್ರೇಕು ಒತ್ತಿಕೊಂಡಿರುವುದರಿಂದ. ಎದ್ದು ನಿಂತಾಗ, ಮೆಟ್ಟಿಲು ಹತ್ತತೊಡಗಿದಾಗ ಮೊದಲು ಆಗುವುದು ಆ ಬ್ರೇಕು ಸಡಿಲವಾಗುವುದು. ಅಡ್ರಿನಲಿನ್ನಿನ ಒತ್ತು ಬರುವುದು ಆಮೇಲೆ. ತಾಲೀಮು ಮಾಡಿದ ಓಟಗಾರರ ನಾಡಿ ನಿದ್ದೆಯಲ್ಲಿ 40ಕ್ಕಿಂತ ಕೆಳಗೆ ಹೋಗಬಹುದು, ಅದು ಕಾಯಿಲೆಯಲ್ಲ. ತಲೆಸುತ್ತು, ಬವಳಿ ಬರುವವರಲ್ಲಿ ಅದೇ 40 ಕಂಡರೆ ಕತೆ ಬೇರೆ. ಸಂಖ್ಯೆಯೊಂದನ್ನೇ ನೋಡಿ ತೀರ್ಮಾನ ಮಾಡಬಾರದು.

ಕಿಡಿ ಹೊತ್ತಿತು. ಎರಡೂ ಹೃತ್ಕರ್ಣಗಳಲ್ಲಿ ಸೆಕೆಂಡಿಗೆ ಅರ್ಧದಿಂದ ಒಂದು ಮೀಟರಿನಂತೆ ಹಬ್ಬುತ್ತದೆ. ಮೇಲಿನ ಕೋಣೆಗಳು ಕುಗ್ಗುತ್ತವೆ. ಕೆಳಗೆ ಹೋಗಬೇಕೆಂದರೆ ನಡುವೆ ಗೋಡೆ. ಕವಾಟಗಳನ್ನು ಹಿಡಿದಿಟ್ಟಿರುವ ನಾರಿನ ಚೌಕಟ್ಟು ವಿದ್ಯುತ್ತನ್ನು ಹಾಯಲು ಬಿಡುವುದಿಲ್ಲ. ಇರುವುದು ಒಂದೇ ಕಿಂಡಿ, ಎವಿ ನೋಡ್. ಅಲ್ಲಿ ಸಂಕೇತದ ವೇಗ ಒಮ್ಮೆಗೇ ಸೆಕೆಂಡಿಗೆ 5 ಸೆಂಟಿಮೀಟರಿಗೆ ಬೀಳುತ್ತದೆ. ಇರುವೆಯೂ ಓಡಬಲ್ಲ ವೇಗ! ಕಾರಣ ಮೂರು: ಕೋಶಗಳು ಸಣ್ಣವು, ಸಂಕೇತ ಕೋಶದಿಂದ ಕೋಶಕ್ಕೆ ದಾಟುವ ಜೋಡುರಂಧ್ರಗಳು ಕಡಿಮೆ, ಜೊತೆಗೆ ಅಲ್ಲಿ ಕಿಡಿ ಹೊತ್ತುವುದು ಚುರುಕಿನ ಸೋಡಿಯಮ್ಮಿನಿಂದಲ್ಲ, ಮಂದಗತಿಯ ಕ್ಯಾಲ್ಸಿಯಮ್ಮಿನಿಂದ. ಒಟ್ಟು ತಡ ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ.

ಈ ಹತ್ತನೇ ಒಂದು ಭಾಗದಲ್ಲಿ ಎರಡು ಕೆಲಸ ಆಗುತ್ತವೆ. ಹೃತ್ಕರ್ಣಗಳು ತಮ್ಮಲ್ಲಿ ಉಳಿದ ರಕ್ತವನ್ನು ಕೆಳಕ್ಕೆ ಒತ್ತಿ ಮುಗಿಸುತ್ತವೆ. ಹೃತ್ಕುಕ್ಷಿ ತುಂಬುವ ರಕ್ತದಲ್ಲಿ ಶೇಕಡಾ 20ರಿಂದ 30 ಹೀಗೆ ಬಂದದ್ದು. ಮೇಲೂ ಕೆಳಗೂ ಒಟ್ಟಿಗೇ ಕುಗ್ಗಿದ್ದರೆ ಅಷ್ಟು ನಷ್ಟ. ಎರಡನೆಯದು ಇನ್ನೂ ದೊಡ್ಡದು. ಮೇಲೆ ಗಲಾಟೆಯಾದರೆ ಕೆಳಗೆ ತಾಗದಂತೆ ಈ ಕಿಂಡಿ ಸೋಸುತ್ತದೆ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ಕಾಯಿಲೆಯಲ್ಲಿ ಹೃತ್ಕರ್ಣದಲ್ಲಿ ನಿಮಿಷಕ್ಕೆ 350ರಿಂದ 600 ಚದುರಿದ ಅಲೆಗಳು ಏಳುತ್ತವೆ. ಅಷ್ಟೂ ಕೆಳಗಿಳಿದರೆ ಆ ಕ್ಷಣವೇ ಮುಗಿಯಿತು. ಎವಿ ನೋಡ್ ಅವುಗಳಲ್ಲಿ ನೂರು ನೂರೈವತ್ತನ್ನು ಮಾತ್ರ, ಅದೂ ಲಯವಿಲ್ಲದೆ, ಕೆಳಗೆ ಬಿಡುತ್ತದೆ. ಅದಕ್ಕೇ ಆ ರೋಗಿಗಳ ನಾಡಿ ಯಾವ ತಾಳಕ್ಕೂ ಸಿಕ್ಕುವುದಿಲ್ಲ. ಬಡಿತ ಸಹಿಸಬಹುದು, ಆದರೆ ಸರಿಯಾಗಿ ಕುಗ್ಗದ ಎಡ ಹೃತ್ಕರ್ಣದ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಇವರಲ್ಲಿ ಹಲವರಿಗೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಡುವುದು ಅದಕ್ಕಾಗಿ, ಬಡಿತ ಇಳಿಸಲಿಕ್ಕಲ್ಲ.

ಕೆಲವರಿಗೆ ಹುಟ್ಟಿನಿಂದಲೇ ಆ ನಾರಿನ ಗೋಡೆಯಲ್ಲಿ ಎರಡನೇ ಕಿಂಡಿಯೊಂದು ಉಳಿದಿರುತ್ತದೆ, ಸ್ನಾಯುವಿನ ಸಣ್ಣ ಎಳೆ. 1930ರಲ್ಲಿ ವುಲ್ಫ್, ಪಾರ್ಕಿನ್ಸನ್, ವೈಟ್ ಎಂಬ ಮೂವರು ವಿವರಿಸಿದ್ದರಿಂದ ಡಬ್ಲ್ಯುಪಿಡಬ್ಲ್ಯು ಎಂದು ಹೆಸರು. ಈ ಎಳೆಗೆ ತಡ ಮಾಡುವ ಗುಣವಿಲ್ಲ. ಇಂಥವರಿಗೆ ಏಟ್ರಿಯಲ್ ಫಿಬ್ರಿಲೇಶನ್ನೂ ಬಂದರೆ ಹುಚ್ಚು ಅಲೆಗಳು ಸೋಸಿಕೊಳ್ಳದೆ ನೇರ ಇಳಿಯುತ್ತವೆ. ಆಗ ಎವಿ ನೋಡನ್ನು ನಿಧಾನಿಸುವ ವೆರಾಪಮಿಲ್, ಡಿಗಾಕ್ಸಿನ್‌ನಂಥ ಮದ್ದು ಕೊಡುವುದು ದೊಡ್ಡ ತಪ್ಪು: ಒಳ್ಳೆಯ ಬಾಗಿಲು ಮುಚ್ಚಿ ಕಳ್ಳಬಾಗಿಲನ್ನು ಪೂರಾ ತೆರೆದಿಟ್ಟ ಹಾಗೆ. ಶಾಶ್ವತ ಪರಿಹಾರ, ತೊಡೆಯ ರಕ್ತನಾಳದಿಂದ ಕೆಥೀಟರ್ ಎಂಬ ತೆಳು ಕೊಳವೆ ತೂರಿಸಿ ಆ ಎಳೆಯನ್ನು ಸುಟ್ಟುಹಾಕುವುದು.

ಕಿಂಡಿ ದಾಟಿದ ಮೇಲೆ ಮಾತ್ರ ಹೃದಯಕ್ಕೆ ಅವಸರ. ಹಿಸ್ ಕಟ್ಟು, ಅದರ ಬಲ ಎಡ ಕವಲುಗಳು, ಕೊನೆಗೆ ಒಳಗೋಡೆಯಲ್ಲೆಲ್ಲ ಬೇರಿನಂತೆ ಹರಡಿದ ಪರ್ಕಿಂಜಿ ತಂತುಗಳು. ಇಲ್ಲಿ ವೇಗ ಸೆಕೆಂಡಿಗೆ 2ರಿಂದ 4 ಮೀಟರ್. ಎರಡೂ ಹೃತ್ಕುಕ್ಷಿಗಳು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಹೊತ್ತಿಕೊಂಡು, ಹೆಚ್ಚುಕಡಿಮೆ ಒಂದೇ ಹಿಡಿತದಲ್ಲಿ ಹಿಂಡುತ್ತವೆ. ಒಂದು ತಮಾಷೆ ನೋಡಿ: ಮನುಷ್ಯ ಈ ದಾರಿಯನ್ನು ಕಂಡುಕೊಂಡದ್ದು ಪೂರ್ತಿ ಹಿಂದುಮುಂದಾಗಿ. ಕೊನೆಯ ತಂತುಗಳನ್ನು ಪರ್ಕಿಂಜಿ ಕುರಿಯ ಹೃದಯದಲ್ಲಿ ನೋಡಿದ್ದು 1839ರಲ್ಲಿ. ಅದಕ್ಕೂ ಮೇಲಿನ ಕಟ್ಟನ್ನು ವಿಲ್ಹೆಲ್ಮ್ ಹಿಸ್ ಹೇಳಿದ್ದು 1893ರಲ್ಲಿ. ಎವಿ ನೋಡನ್ನು ಜಪಾನಿನ ಸುನಾವೊ ತವಾರಾ, ಜರ್ಮನಿಯಲ್ಲಿ ಕೆಲಸ ಮಾಡುತ್ತಾ, ವಿವರಿಸಿದ್ದು 1906ರಲ್ಲಿ. ಎಲ್ಲದರ ಮೂಲವಾದ ಎಸ್‌ಎ ನೋಡ್ ಕೀತ್ ಮತ್ತು ಫ್ಲ್ಯಾಕ್ ಕೈಗೆ ಸಿಕ್ಕಿದ್ದು 1907ರಲ್ಲಿ. ನದಿಯ ಮುಖದಿಂದ ಹೊರಟು ಉಗಮಕ್ಕೆ ಹೋದಂತೆ.

ಹೃದಯದ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಇಸಿಜಿ ಈ ಪಯಣದ ನೆರಳು. 20ನೇ ಶತಮಾನದ ಆರಂಭದಲ್ಲಿ ಡಚ್ ವಿಜ್ಞಾನಿ ಐಂಥೋವನ್ ಕಟ್ಟಿದ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು, ನಡೆಸಲು ಐದು ಜನ ಬೇಕಿತ್ತು, ರೋಗಿ ಎರಡು ಕೈ ಒಂದು ಕಾಲನ್ನು ಉಪ್ಪುನೀರಿನ ತೊಟ್ಟಿಗಳಲ್ಲಿ ಅದ್ದಿ ಕೂರಬೇಕಿತ್ತು. 1924ರಲ್ಲಿ ಆತನಿಗೆ ನೊಬೆಲ್ ಬಂತು. ಪಿ, ಕ್ಯೂಆರ್‌ಎಸ್, ಟಿ ಎಂಬ, ಗೆರೆಯ ಅಲೆಗಳ ಹೆಸರುಗಳೂ ಆತನವೇ. ಪಿ ಅಂದರೆ ಹೃತ್ಕರ್ಣ ಹೊತ್ತಿದ್ದು, ಕ್ಯೂಆರ್‌ಎಸ್ ಅಂದರೆ ಹೃತ್ಕುಕ್ಷಿ ಹೊತ್ತಿದ್ದು, ಟಿ ಅಂದರೆ ಅದು ಮತ್ತೆ ಸಿದ್ಧವಾದದ್ದು. ಎಸ್‌ಎ ನೋಡ್ ಎಷ್ಟು ಚಿಕ್ಕದೆಂದರೆ ಅದರ ಕಿಡಿ ಕಾಗದದ ಮೇಲೆ ಮೂಡುವುದೇ ಇಲ್ಲ.

ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಚಿಕ್ಕ ಚೌಕ 0.04 ಸೆಕೆಂಡು, ದೊಡ್ಡದು 0.2 ಸೆಕೆಂಡು, ಎತ್ತರದಲ್ಲಿ 10 ಮಿಲಿಮೀಟರ್ ಅಂದರೆ 1 ಮಿಲಿವೋಲ್ಟ್. ಎರಡು ಆರ್ ಮೊನೆಗಳ, ಅಂದರೆ ಕ್ಯೂಆರ್‌ಎಸ್‌ನ ಚೂಪು ತುದಿಗಳ, ನಡುವಿನ ದೊಡ್ಡ ಚೌಕಗಳ ಸಂಖ್ಯೆಯಿಂದ 300ನ್ನು ಭಾಗಿಸಿದರೆ ಬಡಿತ ಸಿಕ್ಕಿತು: ನಾಲ್ಕು ಚೌಕವಾದರೆ 75. ಲಯ ತಪ್ಪಿದ ಹೃದಯಕ್ಕೆ ಈ ಲೆಕ್ಕ ಹಾಕಬಾರದು, 10 ಸೆಕೆಂಡಿನ ಪಟ್ಟಿಯಲ್ಲಿರುವ ಮೊನೆಗಳನ್ನು ಎಣಿಸಿ ಆರರಿಂದ ಗುಣಿಸಬೇಕು. ಪಿ ಶುರುವಿನಿಂದ ಕ್ಯೂಆರ್‌ಎಸ್ ಶುರುವಿನವರೆಗೆ 0.12ರಿಂದ 0.20 ಸೆಕೆಂಡು ಇರಬೇಕು. ನಾವು ಮಾತಾಡಿದ ತಡ ಅಡಗಿರುವುದು ಇಲ್ಲೇ. ಕ್ಯೂಆರ್‌ಎಸ್ 0.12ಕ್ಕಿಂತ ಅಗಲವಾದರೆ ಸಂಕೇತ ಪರ್ಕಿಂಜಿಯ ಹೆದ್ದಾರಿ ಬಿಟ್ಟು ಸ್ನಾಯುವಿನ ಕಾಲುದಾರಿಯಲ್ಲಿ ಹೋಗಿದೆ ಎಂದರ್ಥ.

ತಪ್ಪು ಇಸಿಜಿಗೆ ಹೃದಯವೇ ಕಾರಣವಾಗಬೇಕಿಲ್ಲ. ಬಲಗೈ ಎಡಗೈ ಪಟ್ಟಿ ಅದಲುಬದಲಾದರೆ ಒಂದನೇ ಲೀಡಿನಲ್ಲಿ, ಅಂದರೆ ಎರಡು ಕೈಗಳ ನಡುವಿನ ವಿದ್ಯುತ್ತನ್ನು ತೋರಿಸುವ ಗೆರೆಯಲ್ಲಿ, ಎಲ್ಲವೂ ತಲೆಕೆಳಗು. ಎದೆಯ ಮೊದಲೆರಡು ಬಿಲ್ಲೆಗಳು ನಾಲ್ಕನೇ ಪಕ್ಕೆಲುಬಿನ ಸಂದಿನಲ್ಲಿರಬೇಕು. ಅವಸರದಲ್ಲಿ ಎರಡನೇ ಸಂದಿಗೆ ಅಂಟಿಸಿದರೆ ಇಲ್ಲದ ಕಾಯಿಲೆ ಕಾಣುತ್ತದೆ. ಚಳಿಗೆ ನಡುಗುವವರ ಗೆರೆ ಫಿಬ್ರಿಲೇಶನ್ನಿನಂತೆ ಕಾಣಬಹುದು. ಇನ್ನೊಂದು ಮಾತು, ಹೆಚ್ಚು ಜನ ಎಡವುವುದು ಇಲ್ಲಿ: ಇಸಿಜಿ ತೋರಿಸುವುದು ಆ ಹತ್ತು ಸೆಕೆಂಡನ್ನು ಮಾತ್ರ. ವಾರಕ್ಕೊಮ್ಮೆ ಬಂದು ಹೋಗುವ ಬಡಿತದ ತೊಂದರೆ ಅದರಲ್ಲಿ ಸಿಗದೇ ಹೋಗುವುದು ಸಹಜ. ಅದಕ್ಕೆ 24 ಗಂಟೆ, ಕೆಲವೊಮ್ಮೆ ವಾರಗಟ್ಟಲೆ ದಾಖಲಿಸುವ ಯಂತ್ರ ಬೇಕು.

ಈಗ ತಡ ಅತಿಯಾದರೆ ಏನು? ಎವಿ ನೋಡ್ ಅಥವಾ ಹಿಸ್ ಕಟ್ಟು ಪೂರ್ತಿ ಮುಚ್ಚಿದರೆ ಮೇಲಿನ ಕೋಣೆಗಳು ತಮ್ಮ ಪಾಡಿಗೆ 80 ಬಡಿಯುತ್ತವೆ, ಕೆಳಗಿನವುಗಳಿಗೆ ಸುದ್ದಿಯೇ ಇಲ್ಲ. ಹೃದಯಕ್ಕೆ ಬದಲಿ ವ್ಯವಸ್ಥೆ ಇದೆ: ಎವಿ ನೋಡಿನ ಸುತ್ತಲಿನ ಕೋಶಗಳು ನಿಮಿಷಕ್ಕೆ 40ರಿಂದ 60ರಂತೆ, ಅವೂ ಕೈಬಿಟ್ಟರೆ ಪರ್ಕಿಂಜಿ ಕೋಶಗಳು 20ರಿಂದ 40ರಂತೆ ಕಿಡಿ ಹಚ್ಚುತ್ತವೆ. ಆ 20ರಲ್ಲಿ ಜೀವ ಉಳಿಯಬಹುದು, ಎದ್ದು ನಡೆಯಲಾಗುವುದಿಲ್ಲ. ಪೇಸ್‌ಮೇಕರ್ ಬೇಕಾಗುವುದು ಇಂಥಲ್ಲಿ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಮೊತ್ತಮೊದಲ ಬಾರಿಗೆ ದೇಹದೊಳಗೆ ಇಟ್ಟ ಪೇಸ್‌ಮೇಕರ್ ಕೆಲವೇ ಗಂಟೆ ನಡೆಯಿತು. ಅದನ್ನು ಪಡೆದ ಆರ್ನೆ ಲಾರ್ಸನ್ ಮಾತ್ರ, ಯಂತ್ರ ಬದಲಿಸುತ್ತ ಬದಲಿಸುತ್ತ, 2001ರವರೆಗೆ ಬದುಕಿದ್ದರು. ಈಗಿನವುಗಳ ಬ್ಯಾಟರಿ ಸಾಮಾನ್ಯವಾಗಿ 8–12 ವರ್ಷ ಬರುತ್ತದೆ. ಅದು ಕೊಡುವ ಪೆಟ್ಟು ಒಂದೆರಡು ವೋಲ್ಟಿನದು, ಅರ್ಧ ಮಿಲಿಸೆಕೆಂಡಿನಷ್ಟು. ಕಿಡಿ ಸಾಕು, ಹಬ್ಬುವ ಕೆಲಸ ಸ್ನಾಯುವಿನದೇ. ಮೊದಲ ಕೆಲವು ವಾರ ಆ ಬದಿಯ ತೋಳನ್ನು ಹೆಗಲಿಗಿಂತ ಮೇಲೆತ್ತಬೇಡಿ ಎನ್ನುವುದು ಸುಮ್ಮನೆ ಅಲ್ಲ. ಹೃದಯದೊಳಗಿನ ತಂತಿಯ ತುದಿ ಇನ್ನೂ ಗಟ್ಟಿ ಕೂತಿರುವುದಿಲ್ಲ, ಅದು ಜಾರಿದರೆ ಯಂತ್ರ ಪೆಟ್ಟು ಕೊಡುತ್ತಲೇ ಇರುತ್ತದೆ, ಹೃದಯ ಓಗೊಡುವುದಿಲ್ಲ.

ಕಿವುಡು ಅವಧಿ ಸಾಲದಿದ್ದರೆ? ಮತ್ತೆ ಹುಲ್ಲಿನ ಬಯಲಿಗೆ ಬನ್ನಿ. ಬಯಲ ನಡುವೆ ಬೆಂಕಿ ಹತ್ತದ ಬಂಡೆಯೊಂದಿದೆ, ಹೃದಯಾಘಾತದಲ್ಲಿ ಸತ್ತ ಸ್ನಾಯುವಿನ ಕಲೆಯಂತೆ. ಬೆಂಕಿ ಅದರ ಒಂದೇ ಬದಿಯಿಂದ ಸುತ್ತಿಕೊಂಡು ಮೆಲ್ಲಗೆ ಬರುತ್ತದೆ. ಹೊರಟ ಜಾಗಕ್ಕೆ ಮರಳುವಷ್ಟರಲ್ಲಿ ಅಲ್ಲಿ ಹುಲ್ಲು ಮತ್ತೆ ಒಣಗಿದ್ದರೆ ಸುತ್ತು ನಿಲ್ಲುವುದೇ ಇಲ್ಲ. ಇದೇ ರೀಎಂಟ್ರಿ. ಒಂದೇ ಸುತ್ತಾದರೆ ವೇಗದ ಬಡಿತ. ಅದು ಒಡೆದು ನೂರು ಸುತ್ತಾದರೆ ವೆಂಟ್ರಿಕ್ಯುಲರ್ ಫಿಬ್ರಿಲೇಶನ್. ಹೃತ್ಕುಕ್ಷಿ ಹಿಂಡುವುದು ಬಿಟ್ಟು ಅದುರುತ್ತದೆ, ನಾಡಿ ಇಲ್ಲ, ಮನುಷ್ಯ ಕುಸಿಯುತ್ತಾನೆ. ಹೃದಯಾಘಾತ ಬೇರೆ, ಇದು ಬೇರೆ. ಅದು ರಕ್ತನಾಳ ಕಟ್ಟಿಕೊಂಡದ್ದು. ಇದು ಹೃದಯ ಸ್ತಂಭನ. ಮೊದಲನೆಯದು ಎರಡನೆಯದಕ್ಕೆ ದಾರಿಯಾಗುವುದುಂಟು.

ಎದೆಗೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಯಂತ್ರ ಇಲ್ಲಿ ಮಾಡುವುದೇನು? ಹೃದಯವನ್ನು ‘ಸ್ಟಾರ್ಟ್’ ಮಾಡುವುದಲ್ಲ, ನಿಲ್ಲಿಸುವುದು. 120ರಿಂದ 200 ಜೌಲ್ ಒಮ್ಮೆಗೇ ಹಾಯಿಸಿ ಬಹುಪಾಲು ಸ್ನಾಯುವನ್ನು ಒಂದೇ ಕ್ಷಣ ಹೊತ್ತಿಸಿದರೆ ಎಲ್ಲವೂ ಕಿವುಡಾಗುತ್ತದೆ, ಸುತ್ತುಗಳಿಗೆ ಹೋಗಲು ದಾರಿಯಿಲ್ಲ. ಆ ನಿಶ್ಶಬ್ದದಲ್ಲಿ ಎಸ್‌ಎ ನೋಡ್ ಮತ್ತೆ ಮೊದಲ ಕಿಡಿ ಹಚ್ಚಲಿ ಎಂಬುದು ಲೆಕ್ಕ. ಸಿನಿಮಾಗಳಲ್ಲಿ ನೇರ ಗೆರೆಗೆ ಶಾಕ್ ಕೊಡುತ್ತಾರಲ್ಲ, ಅದರಿಂದ ಪ್ರಯೋಜನವಿಲ್ಲ; ನಿಲ್ಲಿಸಲು ಅಲ್ಲಿ ಏನೂ ಉಳಿದಿಲ್ಲ.

ಯಾರಾದರೂ ಕುಸಿದು, ಪ್ರತಿಕ್ರಿಯೆಯಿಲ್ಲದೆ, ಉಸಿರಾಟವಿಲ್ಲದೆ ಅಥವಾ ಬರೀ ಏದುಸಿರು ಎಳೆಯುತ್ತಾ ಬಿದ್ದಿದ್ದರೆ: ತುರ್ತು ಸಹಾಯಕ್ಕೆ ಕರೆ ಮಾಡಿ, ಎದೆಮೂಳೆಯ ಕೆಳ ಅರ್ಧದ ಮೇಲೆ ಎರಡೂ ಅಂಗೈ ಜೋಡಿಸಿ, 5–6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100–120 ಸಲ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಿ. ಹೃದಯ ತುಂಬುವುದು ಆಗಲೇ. ಎಇಡಿ, ಅಂದರೆ ಸ್ವಯಂಚಾಲಿತ ಡಿಫಿಬ್ರಿಲೇಟರ್, ಸಿಕ್ಕರೆ ಎದೆ ಒರೆಸಿ, ಒಂದು ಪಟ್ಟಿ ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ ಪಕ್ಕೆಗೆ ಅಂಟಿಸಿ. ಬೇಕೋ ಬೇಡವೋ ಎಂದು ಯಂತ್ರವೇ ಹೇಳುತ್ತದೆ. ಶಾಕ್ ಆದ ಮೇಲೆ ನಾಡಿ ಹುಡುಕುತ್ತಾ ಕೂರದೆ ತಕ್ಷಣ ಮತ್ತೆ ಒತ್ತಿ. ಎದೆ ಒತ್ತದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುವ ಅವಕಾಶ ಶೇಕಡಾ 7ರಿಂದ 10ರಷ್ಟು ಕುಸಿಯುತ್ತದೆ.

ಈ ಮಾತುಗಳನ್ನು ಕೇಳಿದ ಸಭಿಕರ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇವೆ.

‘ಒಮ್ಮೊಮ್ಮೆ ಒಂದು ಬಡಿತ ತಪ್ಪಿದಂತಾಗಿ ಎದೆ ಧಡಕ್ ಅನ್ನುತ್ತದೆ, ಭಯಪಡಬೇಕೇ?’ ತಪ್ಪಿದ್ದಲ್ಲ, ಒಂದು ಬಡಿತ ಅವಧಿಗೆ ಮುಂಚೆ ಬಂದದ್ದು. ಎಲ್ಲೋ ಒಂದು ಕೋಶ ತಾನೇ ಕಿಡಿ ಹಚ್ಚಿತು. ಹೃದಯ ತುಂಬುವ ಮೊದಲೇ ಹಿಂಡಿದ್ದರಿಂದ ಆ ಬಡಿತ ನಾಡಿಗೆ ತಾಗುವುದಿಲ್ಲ. ನಂತರ ಬಂದ ಮಾಮೂಲಿ ಕಿಡಿಗೆ ಹೃತ್ಕುಕ್ಷಿ ಇನ್ನೂ ಕಿವುಡಾಗಿರುವುದರಿಂದ ಒಂದು ಬಿಡುವು ಬೀಳುತ್ತದೆ. ಅಷ್ಟರಲ್ಲಿ ಹೆಚ್ಚು ರಕ್ತ ತುಂಬಿ, ಮುಂದಿನ ಹಿಂಡು ಜೋರಾಗಿರುತ್ತದೆ. ನಿಮಗೆ ಗೊತ್ತಾದ ‘ಧಡಕ್’ ಆ ಆರೋಗ್ಯವಂತ ಬಡಿತವೇ. ಗಟ್ಟಿಮುಟ್ಟಾದ ಹೃದಯದಲ್ಲಿ ಅಪರೂಪಕ್ಕೆ ಹೀಗಾದರೆ ಚಿಂತೆಯಿಲ್ಲ. ಜೊತೆಗೆ ಬವಳಿ, ಎದೆನೋವು, ಉಸಿರುಕಟ್ಟುವಿಕೆ ಇದ್ದರೆ, ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ ಸಾವು ಆಗಿದ್ದರೆ ತೋರಿಸಲೇಬೇಕು.

‘ಮಾನಿಟರಿನಲ್ಲಿ ಗೆರೆ ಓಡುತ್ತಿದ್ದರೆ ಹೃದಯ ಬಡಿಯುತ್ತಿದೆ ಎಂದಲ್ಲವೇ?’ ಅಲ್ಲ. ಮಾನಿಟರ್ ತೋರಿಸುವುದು ವಿದ್ಯುತ್ತನ್ನು, ಹಿಂಡುವಿಕೆಯನ್ನಲ್ಲ. ತೀವ್ರ ರಕ್ತಸ್ರಾವವಾಗಿ ತುಂಬಲು ರಕ್ತವೇ ಇಲ್ಲದಾಗ, ಹೃದಯದ ಸುತ್ತಲಿನ ಚೀಲದಲ್ಲಿ ದ್ರವ ಕಟ್ಟಿಕೊಂಡು ಅದನ್ನು ಅಮುಕಿದಾಗ, ಗೆರೆ ಅಚ್ಚುಕಟ್ಟಾಗಿ ಓಡುತ್ತಿದ್ದರೂ ನಾಡಿ ಇರುವುದಿಲ್ಲ. ಅಂಥಲ್ಲಿ ಶಾಕ್ ಕೊಟ್ಟು ಉಪಯೋಗವಿಲ್ಲ. ಎದೆ ಒತ್ತುತ್ತಲೇ ಕಾರಣ ಹುಡುಕಿ ಸರಿಪಡಿಸಬೇಕು. ಅದಕ್ಕೇ ಅನುಭವಿಗಳು ಪರದೆಯ ಮೇಲೆ ಕಣ್ಣಿದ್ದರೂ ಒಂದು ಕೈಯನ್ನು ರೋಗಿಯ ಕತ್ತಿನ ನಾಡಿಯ ಮೇಲೆ ಇಟ್ಟಿರುತ್ತಾರೆ.